ಮಗುಚಬಾರದ ಕಲ್ಲು

ಒಂದು ಮನೆಗೆ ಕಲ್ಲಿನ ಚಾವಣಿ ಹೊದಿಸಲು ಏನೇನು ಖರ್ಚಾಗುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಮೊದಲು ಬೆಟ್ಟದ ಹೊಟ್ಟೆಯಿಂದ ಕಲ್ಲು ಎಬ್ಬಿಸಬೇಕು. ಅದಕ್ಕೆ ನಾಲ್ಕು ಗಂಡಾಳುಗಳ ಒಂದು ಇಡೀ ಬೇಸಿಗೆ ಹೋಗುತ್ತದೆ. ಎಬ್ಬಿಸಿದ್ದನ್ನು ಎರಡು ಬೆರಳು ದಪ್ಪದ ಚಪ್ಪಡಿಯಾಗಿ ಸೀಳಬೇಕು. ಮೂರು ಸೀಳುವಷ್ಟರಲ್ಲಿ ಒಂದು ಒಡೆಯುತ್ತದೆ, ಒಡೆದದ್ದು ದಾರಿಗೆ. ಆಮೇಲೆ ಬೆನ್ನ ಮೇಲೆ ಹೊತ್ತು ತರಬೇಕು. ಒಬ್ಬ ಆಳಿಗೆ ದಿನಕ್ಕೆ ಎರಡು ಚಪ್ಪಡಿ. ಹುಮ್ಮಸ್ಸಿನಲ್ಲಿ ಮೂರನೆಯದಕ್ಕೆ ಹೋದವನು ಮರುದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ತೊಲೆಗೆ ಮರ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ತುಳಿದು ಹದ ಮಾಡಿದ ಮಣ್ಣು, ಮಣ್ಣಿನ ಮೇಲೆ ಚಪ್ಪಡಿ. ಇಷ್ಟಾದ ಮೇಲೆ ಹೊದಿಸುವವನ ಎರಡು ಮಂಡಿ. ಮಂಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ, ಯಾಕೆಂದರೆ ಅದಕ್ಕೆ ಎಣ್ಣೆ ಹಚ್ಚಿ ತಿಕ್ಕುವವಳು ನಾನು.

ತಗಡಾದರೆ ಬೆಳಗ್ಗೆ ಕಣಿವೆಯವರೆಗೆ ಲಾರಿಯಲ್ಲಿ ಬಂದು ಸಂಜೆಗೆ ತಲೆಯ ಮೇಲೆ ಕೂತಿರುತ್ತದೆ.

ಹೀಗಿದ್ದೂ ಬೆಟ್ಟದ ಹೆಗಲ ಮೇಲಿರುವ ನಮ್ಮ ಪುಟ್ಟ ಊರಿನ ಇಪ್ಪತ್ತು ಚಿಲ್ಲರೆ ಮನೆಗಳಿಗೂ ಕಲ್ಲಿನ ಚಾವಣಿಯೇ ಇತ್ತು. ಅಷ್ಟೊಂದು ಬೆನ್ನುಗಳು, ಅಷ್ಟೊಂದು ಬೇಸಿಗೆಗಳು ಈ ಊರಿಗೆ ಎಲ್ಲಿಂದ ಬಂದವು ಎಂದು ಯಾರೂ ಕೂತು ಯೋಚಿಸಿರಲಿಲ್ಲ. ಅಂಗಡಿಯವನ ತಕ್ಕಡಿಯನ್ನು ಎರಡೆರಡು ಸಲ ನೋಡುವ ನಾನೂ ಯೋಚಿಸಿರಲಿಲ್ಲ. ನಮಗೆ ಒಂದು ಕಥೆ ಸಾಕಾಗಿತ್ತು. ನಮ್ಮ ಯಜಮಾನರ ತಾತ ಹರೆಯದಲ್ಲಿ ಊರಿನ ಗಂಡಸರನ್ನೆಲ್ಲ ಕಟ್ಟಿಕೊಂಡು ಹೋಗಿ, ಎರಡು ದಿಣ್ಣೆ ಆಚೆಯ ಕಲ್ಲುಗಣಿಯಿಂದ ಚಪ್ಪಡಿ ಹೊತ್ತು ತಂದು, ಇಡೀ ಊರಿಗೆ ಸೂರು ಮಾಡಿಕೊಟ್ಟ ಎಂಬ ಕಥೆ. ಊರವರ ಬಾಯಲ್ಲಿ ಅವನು ಚಪ್ಪಡಿ ತಾತ. ಅವನ ಮಗ ಚಾವಣಿ ಕೆಲಸ ಮಾಡಿದ. ಮೊಮ್ಮಗ, ಅಂದರೆ ನಮ್ಮ ಯಜಮಾನರು, ಅದನ್ನೇ ಮಾಡಿದರು. ತಾತ ಬಿಟ್ಟುಹೋದ ಕಟ್ಟಳೆ ಒಂದೇ. ದುರಸ್ತಿಗೆ ಹತ್ತಿದಾಗ ಚಪ್ಪಡಿಯನ್ನು ಸರಿಸಬೇಕು, ಎತ್ತಿದರೂ ಇದ್ದ ಹಾಗೇ ಕೂರಿಸಬೇಕು, ಮಗುಚಬಾರದು. ಮಣ್ಣಿನೊಳಗಿದ್ದ ಮುಖ ಮೆತ್ತಗಿರುತ್ತದೆ, ಹೊರಗೆ ಬಂದರೆ ನೀರು ಕುಡಿಯುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕೇಳುವುದಕ್ಕೆ ಸರಿಯಾಗಿಯೇ ಇತ್ತು.

ನಾನು ಕೆಳಗಿನ ಕಣಿವೆಯವಳು. ಆದರೆ ನನ್ನ ತಾಯಿಯ ತಾಯಿ ಮಾತ್ರ ಈ ಬೆಟ್ಟದವಳೇ. ನಮ್ಮ ಊರಿಗಿಂತ ಒಂದು ಹೊತ್ತಿನ ದಾರಿ ಮೇಲೆ ಇನ್ನೊಂದು ಊರಿತ್ತು. ನೀರಿನ ಊಟೆ ಬತ್ತಿ, ಜನ ಒಬ್ಬೊಬ್ಬರಾಗಿ ಇಳಿದು ಹೋಗಿ, ಅದು ಹಾಳುಬಿತ್ತು. ಮೇಲೂರು ಎಂದೇ ಅದನ್ನು ಎಲ್ಲರೂ ಕರೆಯುವುದು. ಅಲ್ಲಿಯವರಿಗೆ ಓದುಬರಹ ಇರಲಿಲ್ಲ. ಸತ್ತವರ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಬದಲು, ಅವರು ಬದುಕಿದ್ದಾಗ ಕೈಯಲ್ಲಿ ಹಿಡಿದ ಸಾಮಾನನ್ನು ಕೆತ್ತುತ್ತಿದ್ದರಂತೆ. ಕುರಿಯವನಿಗೆ ಕತ್ತರಿ, ಹುಲ್ಲು ಕೊಯ್ಯುವವನಿಗೆ ಕುಡುಗೋಲು. ಅಜ್ಜಿಯ ತಾಯಿ ಉಣ್ಣೆ ಬಾಚುವವಳು. ಅವಳ ಹಣಿಗೆಯ ಮೂರನೆಯ ಹಲ್ಲು ಮುರಿದಿತ್ತು. "ಕಲ್ಲಿನ ಮೇಲೂ ನಮ್ಮಪ್ಪ ಮೂರನೇ ಹಲ್ಲು ಬಿಟ್ಟೇ ಕೆತ್ತಿದ. ಇಲ್ಲದ್ದನ್ನ ಇದೆ ಅಂತ ಯಾಕೆ ತೋರಿಸಬೇಕು ಅಂದ," ಎಂದು ಅಜ್ಜಿ ಹೇಳಿ ನಗುತ್ತಿದ್ದಳು. ಆ ಹಣಿಗೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದು, ಮದುವೆಯಾದಾಗ ನನ್ನ ಜೊತೆ ಈ ಮನೆಗೆ ಬಂತು. ಅದರ ಕಥೆಯನ್ನು ಮೊದಲ ವಾರವೇ ಯಜಮಾನರಿಗೆ ಹೇಳಿದ್ದೆ. ಹೊಸ ಹೆಂಡತಿಗೆ ಹೇಳುವುದಕ್ಕೆ ಇನ್ನೇನಿರುತ್ತದೆ?

ಮೇಲೂರಿನ ಸಮಾಧಿಗಳನ್ನು ನೋಡಬೇಕೆಂದು ಒಮ್ಮೆ ಹತ್ತಿಯೂ ಹೋಗಿದ್ದೆ. ಅಲ್ಲಿ ಬರೀ ಹುಲ್ಲು. ಗುಡ್ಡ ಜಾರಿ ಎಲ್ಲ ಕೊಚ್ಚಿಕೊಂಡು ಹೋಯಿತು ಎಂದು ಊರಿನಲ್ಲಿ ಹೇಳಿದರು. ಪಕ್ಕದ ಇಳಿಜಾರು ನಿಜವಾಗಿಯೂ ಜಾರಿತ್ತು. ನಂಬಿದೆ.

ಇನ್ನೊಂದು ಮಾತು. ನಮ್ಮ ಮನೆಯ ಮೂಡಣ ಕೋಣೆ ಎಲ್ಲಕ್ಕಿಂತ ಒಳ್ಳೆಯ ಕೋಣೆ. ಬೆಳಗಿನ ಬಿಸಿಲು ನೇರ ಒಳಗೆ ಬರುತ್ತದೆ. ಮದುವೆಯಾಗಿ ಬಂದಾಗ ನಾವು ಮಲಗುತ್ತಿದ್ದುದು ಅಲ್ಲೇ. ಮರುವರ್ಷ ಯಜಮಾನರು ಆ ಮೂಲೆಯ ಚಾವಣಿ ರಿಪೇರಿ ಮಾಡಿ ಇಳಿದು ಬಂದವರೇ, "ಈ ಕೋಣೆ ಸೋರುತ್ತೆ, ಸರಿಹೋಗಲ್ಲ," ಎಂದು ಹಾಸಿಗೆ ಸುತ್ತಿ ನಡುಮನೆಗೆ ತಂದು ಹಾಕಿದರು. ಅಂದಿನಿಂದ ಅಲ್ಲಿ ಉಣ್ಣೆಯ ಮೂಟೆ ಇಡುತ್ತೇನೆ. ಒಂದು ದಿನವಾದರೂ ಉಣ್ಣೆ ಒದ್ದೆಯಾಗಿದ್ದಿಲ್ಲ. ಊರಿಗೆಲ್ಲ ಸೂರು ಹೊದಿಸಿದವನ ಮನೆಯಲ್ಲೇ ಸೋರುವ ಕೋಣೆ ಎಂದು ಜನ ನಗುತ್ತಿದ್ದರು. ಗಂಡಸರಿಗೆ ಒಂದೊಂದು ಹುಚ್ಚು ಇರುತ್ತದೆ, ಕುಡಿತಕ್ಕಿಂತ ಇದು ವಾಸಿ ಎಂದು ನಾನು ಸುಮ್ಮನಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ.

ಚಳಿ ಶುರುವಾಗುವ ಮುಂಚೆ ಪಟ್ಟಣದ ಇಲಾಖೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಹಳೆಯ ಊರುಗಳನ್ನು ಪಟ್ಟಿಗೆ ಸೇರಿಸಿ ಕಾಪಾಡುವ ಇಲಾಖೆ. ದಿನವಿಡೀ ಟೇಪು ಹಿಡಿದು ಗೋಡೆ, ಬಾಗಿಲು, ಮೆಟ್ಟಿಲು ಅಳೆಯುತ್ತಿದ್ದುದರಿಂದ ಅಳತೆಯಮ್ಮ ಎಂದು ಅವಳಿಗೆ ಹೆಸರು ಬಿದ್ದಿತ್ತು. ಒಳ್ಳೆಯ ಹುಡುಗಿ. ಕೊಟ್ಟದ್ದನ್ನು ತಿನ್ನುತ್ತಿದ್ದಳು, ಲೋಟ ತಾನೇ ತೊಳೆದಿಡುತ್ತಿದ್ದಳು. ಊರು ಪಟ್ಟಿಗೆ ಸೇರಿದರೆ ರಸ್ತೆ ಬರುತ್ತದೆ, ನೋಡುವುದಕ್ಕೆ ಜನ ಬರುತ್ತಾರೆ. ಊರಿನ ಯಜಮಾನಿಕೆ ಮಾಡುತ್ತಿದ್ದ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಬರುವವರಿಗಾಗಿ ತಮ್ಮ ಮನೆಯ ಮೇಲಿನ ಎರಡು ಕೋಣೆಗೆ ಸುಣ್ಣ ಬಳಿಸಿ, ಹೊಸ ಮಂಚ ಹಾಕಿಸಿ, ಅಲ್ಲಿಗೆ ಮೊಮ್ಮಕ್ಕಳನ್ನೂ ಬಿಡುತ್ತಿರಲಿಲ್ಲ.

ಅಳತೆಯಮ್ಮ ಚಾವಣಿಯ ಫೋಟೋ ತೆಗೆಯಲು ನಮ್ಮ ಮನೆಯನ್ನೇ ಆರಿಸಿಕೊಂಡಳು. ಚಪ್ಪಡಿ ತಾತನ ಮನೆಯಲ್ಲವೇ! ಆದರೆ ಮುಂದಿನ ಸೂರಿನ ಎರಡು ಚಪ್ಪಡಿ ಜಾರಿ ಕೂತಿದ್ದವು. ಯಜಮಾನರ ಮಂಡಿ ಏಣಿ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಮಗಳನ್ನು ಕರೆದುಕೊಂಡು ಅಳಿಯ ಬಂದಿದ್ದ. ಅವನೂ ಚಾವಣಿ ಕೆಲಸದವನೇ, ಆಚೆ ಬೆಟ್ಟದ ಕಡೆಯವನು. "ನಾನು ಹತ್ತುತೀನಿ ಮಾವ, ಎರಡು ಕಲ್ಲು ತಾನೆ," ಎಂದ.

"ಮುಂದಿನ ಸಾಲು ಮಾತ್ರ," ಎಂದರು ಯಜಮಾನರು. "ಮೂಡಣ ಮೂಲೆ ಕಡೆ ಹೋಗಬೇಡಿ. ಅಲ್ಲಿ ಹಲಗೆ ಸರಿಯಿಲ್ಲ."

"ಆಗಲಿ ಮಾವ."

ಅಂಗಳದಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಫೋಟೋ ಎಂದರೆ ಜನ ಸೇರದೆ ಇರುತ್ತಾರೆಯೇ? ಗಿರಣಿಯ ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಮೊದಲ ಸಾಲಿನಲ್ಲಿ ನಿಂತಿದ್ದಳು. ಭಾವ ಒಗೆದ ಅಂಗಿ ತೊಟ್ಟು ಬಂದಿದ್ದರು. ಅಳಿಯ ಹಾರೆಯ ತುದಿ ಕೊಟ್ಟು ಜಾರಿದ ಚಪ್ಪಡಿಯನ್ನು ಎಬ್ಬಿಸಿದ. ಅವರ ಕಡೆ ಒಂದು ರೂಢಿಯಿದೆ, ಅದು ನಮಗೆ ಗೊತ್ತಿರಲಿಲ್ಲ. ಪ್ರತಿ ತಲೆಮಾರಿನಲ್ಲಿ ಒಮ್ಮೆ ಅವರು ಚಪ್ಪಡಿಯನ್ನು ಮಗುಚಿ ಹಾಕುತ್ತಾರಂತೆ, ಎರಡು ಮುಖವೂ ಸಮನಾಗಿ ಸವೆಯಲಿ ಎಂದು. ಕೆಲಸ ಕಲಿತ ಕೈ ಯಾರನ್ನೂ ಕೇಳುವುದಿಲ್ಲ. ಯಜಮಾನರು "ಏ ಬೇಡ, ಬೇಡ!" ಎಂದು ಕೂಗುವಷ್ಟರಲ್ಲಿ ಅಳಿಯ ಚಪ್ಪಡಿಯನ್ನು ದೋಸೆ ತಿರುವಿದ ಹಾಗೆ ತಿರುವಿ, ಅಂಟಿದ ಮಣ್ಣಿನ ಮೇಲೆ ತಂಬಿಗೆ ನೀರು ಹೊಯ್ದು, ಅಂಗೈಯಿಂದ ಒರೆಸಿದ್ದ.

ಒರೆಸಿದ ಕೈ ಅಲ್ಲೇ ನಿಂತಿತು.

"ಮಾವ, ಇದೇನು ಮಾವ? ಇಲ್ಲಿ ಕತ್ತರಿ ಕೆತ್ತಿದಾರೆ."

ಕೆಳಗಿದ್ದವರು ನಕ್ಕರು. ಗಿರಣಿಯ ಅಕ್ಕ, "ನಿಮ್ಮ ಮಾವ ಯಾವತ್ತೋ ಮರೆತು ಬಂದಿರ್ಬೇಕು, ತಗೊಂಡು ಬನ್ನಿ, ನನ್ನ ಕುರಿಗೆ ಬೇಕು," ಎಂದಳು.

ಅಳಿಯ ಎರಡನೆಯದನ್ನೂ ತಿರುವಿ ತೊಳೆದ. ಅದರಲ್ಲಿ ಕುಡುಗೋಲು. ಅಳತೆಯಮ್ಮ ಏಣಿ ಹತ್ತಿದಳು. ಇಬ್ಬರೂ ಸೇರಿ ಪಕ್ಕದ್ದೊಂದನ್ನು ಎತ್ತಿದರು, ಅದರಲ್ಲಿ ಏನೂ ಇರಲಿಲ್ಲ. ಅದರಾಚೆಯದರಲ್ಲಿ ಒಂದು ಸೌಟು. ಮಣ್ಣಿನೊಳಗೆ ಬೆಚ್ಚಗಿದ್ದ ಗೆರೆಗಳು ಮೊನ್ನೆ ಉಳಿ ಆಡಿಸಿದ ಹಾಗೆ ಚೂಪಾಗಿದ್ದವಂತೆ. ಸೌಟಿನ ಪಕ್ಕದಲ್ಲಿ ಒಂದು ಚಿಕ್ಕ ಸೌಟೂ ಇತ್ತು. ತಾಯಿಯ ಜೊತೆ ಮಗುವೂ ಹೋಗಿರಬೇಕು.

ನನಗೆ ಆಗ ಆದದ್ದನ್ನು ಹೇಳುವುದು ಕಷ್ಟ. ಅಜ್ಜಿಯ ಮಾತು ಕಿವಿಯಲ್ಲಿತ್ತು, ಕಣ್ಣಿಗೆ ಕಲ್ಲು ಕಾಣುತ್ತಿತ್ತು, ಆದರೆ ಎರಡೂ ಒಂದಕ್ಕೊಂದು ಕೂಡಿಕೊಳ್ಳಲು ಒಪ್ಪಲಿಲ್ಲ. ಕೈಯಲ್ಲಿದ್ದ ಕಾಫಿಯ ತಟ್ಟೆಯನ್ನು ಯಾರಿಗೋ ಕೊಟ್ಟೆ. ಯಾರಿಗೆಂದು ಇವತ್ತಿಗೂ ನೆನಪಿಲ್ಲ.

"ಇವು ಸಮಾಧಿ ಕಲ್ಲುಗಳು," ಎಂದೆ. "ಮೇಲೂರಿನವು."

ಗಿರಣಿಯ ಅಕ್ಕನ ನಗೆ ಬಾಯಲ್ಲೇ ಒಣಗಿತು. ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಮೆಲ್ಲಗೆ ತಿರುಗಿ ಓಣಿಯಾಚೆಯ ತನ್ನ ಮನೆಯ ಚಾವಣಿಯನ್ನು ನೋಡಿದಳು. ಅವಳನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಊರಿಗೆ ಊರೇ ಕತ್ತು ಎತ್ತಿ ತಂತಮ್ಮ ಸೂರನ್ನು ಮೊದಲ ಸಲ ಕಂಡವರ ಹಾಗೆ ನೋಡಿತು.

"ಏನಮ್ಮ, ಏನು ಮಾತಾಡ್ತಿದೀಯ?" ಎಂದರು ಭಾವ. "ಅದು ಗಣಿಯಲ್ಲಿ ಆಳುಗಳು ಹಾಕ್ಕೊಂಡ ಗುರುತು. ನಂದು ಯಾವುದು ನಿಂದು ಯಾವುದು ಅಂತ ಗೊತ್ತಾಗಬೇಡ್ವಾ? ನಮ್ಮಪ್ಪ ಹೇಳ್ತಿದ್ರು. ಅಳಿಯಂದ್ರೇ, ಕವುಚಿ ಹಾಕಿ, ಫೋಟೋಗೆ ಹೊತ್ತಾಗುತ್ತೆ."

"ಸೌಟು ಹಿಡ್ಕೊಂಡು ಕಲ್ಲು ಒಡೀತಿದ್ರಾ ಭಾವ?" ಎಂದೆ.

ನಾನು ಯಜಮಾನರ ಕಡೆ ತಿರುಗಿದೆ. ಎಲ್ಲರೂ ಮುಂದಿನ ಸೂರಿನ ಮೇಲೆ ಕಣ್ಣಿಟ್ಟಿದ್ದರೆ ಅವರೊಬ್ಬರೇ ಬೇರೆ ಕಡೆ ನೋಡುತ್ತಿದ್ದರು. ಅವರ ಕಣ್ಣು ಮೂಡಣ ಮೂಲೆಯ ಮೇಲಿತ್ತು. ಒಂದೇ ಗಳಿಗೆ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ನೆಲ ನೋಡಿದರು. ಜೊತೆಗೆ ಬಾಳಿದವಳಿಗೆ ಅಷ್ಟು ಸಾಕು.

"ಅಳಿಯಂದ್ರೇ," ಎಂದು ಕೂಗಿದೆ, "ಆ ಮೂಡಣ ಮೂಲೇದು ಎತ್ತಿ."

"ಅಲ್ಲಿ ಹಲಗೆ ಸರಿಯಿಲ್ಲ ಅಂದ್ರಲ್ಲ ಅತ್ತೆ..."

"ಎತ್ತಿ."

"ಬೇಡ ಕಣೇ," ಎಂದರು ಯಜಮಾನರು. ಅವರು ನನ್ನ ಹತ್ತಿರ ಬೇಡಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಅದೊಂದು ಬೇಡ."

ಅಳಿಯ ಒಮ್ಮೆ ಮಾವನನ್ನು, ಒಮ್ಮೆ ಅತ್ತೆಯನ್ನು ನೋಡಿದ. ಮಗಳು ಬಾಗಿಲಲ್ಲಿ ನಿಂತು, "ರೀ, ಅಮ್ಮ ಹೇಳಿದ ಹಾಗೆ ಮಾಡಿ," ಎಂದಳು. ಅವನು ಅಂಚಿನಲ್ಲಿ ಹೆಜ್ಜೆಯಿಡುತ್ತ ಹೋದ. ಹಲಗೆ ಕಿರ್ರೆನ್ನಲೂ ಇಲ್ಲ, ಅಷ್ಟು ಗಟ್ಟಿಯಾಗಿತ್ತು. ಹಾರೆ ಕೊಟ್ಟ, ಎತ್ತಿದ, ತಿರುವಿದ, ನೀರು ಹೊಯ್ದ.

"ಏನಿದೆ?" ಎಂದೆ.

"ಏನೋ ಗೊತ್ತಾಗ್ತಿಲ್ಲ ಅತ್ತೆ. ಬೇಲಿ ಥರ ಇದೆ. ಉದ್ದುದ್ದ ಗೂಟ. ನಡುವೆ ಒಂದು ಇಲ್ಲ."

ನಾನು ಒಳಗೆ ಹೋದೆ. ಹಣಿಗೆ ಮೂಡಣ ಕೋಣೆಯಲ್ಲೇ, ಉಣ್ಣೆಯ ಮೂಟೆಯ ಮೇಲೆಯೇ ಇತ್ತು. ತೆಗೆದುಕೊಂಡು ಬಂದು ಏಣಿ ಹತ್ತಿದೆ. ಚಾವಣಿಯವನ ಹೆಂಡತಿ ಚಾವಣಿ ಹತ್ತಿದ್ದು ಅದೇ ಮೊದಲು. ಕೆಳಗೆ ಯಾರೋ "ಬೀಳ್ತೀರಿ" ಎಂದರು. ಬೀಳಲಿಲ್ಲ. ಕಲ್ಲಿನ ಮುಂದೆ ಮಂಡಿಯೂರಿ ಹಣಿಗೆಯನ್ನು ಕೆತ್ತನೆಯ ಮೇಲಿಟ್ಟೆ. ಹಿಡಿಯ ಮೇಲೆ ಹಿಡಿ, ಹಲ್ಲಿನ ಮೇಲೆ ಹಲ್ಲು. ಮುರಿದ ಹಲ್ಲಿನ ಜಾಗದಲ್ಲಿ ಕಲ್ಲೂ ಖಾಲಿ. ನನ್ನ ಅಜ್ಜಿಯ ಅಪ್ಪ ಆ ಹಣಿಗೆಯನ್ನು ಕಲ್ಲಿನ ಮೇಲಿಟ್ಟು, ಸುತ್ತ ಗೆರೆ ಎಳೆದು ಕೆತ್ತಿರಬೇಕು. ಅಷ್ಟು ಸರಿಯಾಗಿ ಕೂತಿತು.

ಅಳತೆಯಮ್ಮನ ಬಾಯಿಂದ "ಅಯ್ಯೋ" ಎಂಬ ಒಂದೇ ಮಾತು ಬಂತು.

ಈ ಹೆಣ್ಣಿನ ಕಲ್ಲಿನ ಕೆಳಗೆ ನಾನು ಹೊಸ ಸೊಸೆಯಾಗಿ ಒಂದು ವರ್ಷ ಮಲಗಿದ್ದೆ. ಆಮೇಲೆ ಇಷ್ಟು ವರ್ಷ ಅದರ ಕೆಳಗೇ ಕೂತು, ಅವಳದೇ ಹಣಿಗೆಯಿಂದ ಉಣ್ಣೆ ಬಾಚಿದ್ದೆ. ಒಂದು ಹಲಗೆ, ಒಂದು ಮಣ್ಣಿನ ಪದರ ಅಡ್ಡ ಇತ್ತು, ಅಷ್ಟೇ. ಅವಳನ್ನು ಹುಡುಕಿಕೊಂಡು ಮೇಲೂರಿಗೆ ಹೋಗಿ, ಹುಲ್ಲಿನ ಮುಂದೆ ಕೈಮುಗಿದು ಬಂದಿದ್ದೆ.

ಇಳಿದು ಬಂದು ಯಜಮಾನರನ್ನು ಅಡುಗೆಮನೆಗೆ ಕರೆದೆ. ಅವರು ಒಲೆಯ ಪಕ್ಕದ ಮಣೆಯ ಮೇಲೆ ಕೂತರು. ನಾನು ಕೂರಲಿಲ್ಲ.

"ಯಾವತ್ತಿಂದ ಗೊತ್ತು?"

"ಗುರುತು ಇರೋದು ಚಿಕ್ಕಂದಿನಿಂದ ಗೊತ್ತು. ಅಪ್ಪ ಆಳುಗಳ ಗುರುತು ಅಂದಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ನಿಜ ಹೇಳ್ಬೇಕು ಅಂದ್ರೆ, ಹಾಗೇ ಅಂದ್ಕೊಳ್ಳೋಣ ಅಂತ ಅಂದ್ಕೊಂಡಿದ್ದೆ."

"ಹಣಿಗೆ?"

"ನೀನು ಬಂದ ಮರುವರ್ಷ. ಮೂಲೆ ರಿಪೇರಿಗೆ ಹತ್ತಿದಾಗ ಕೈ ಕೆಳಗೆ ಗೆರೆ ಸಿಕ್ತು. ಬಗ್ಗಿ ನೋಡಿದೆ. ನೀನು ಹೇಳಿದ್ದು ನೆನಪಾಯ್ತು. ಏಣಿ ಇಳಿಯೋಕೂ ಆಗ್ಲಿಲ್ಲ, ಕತ್ತಲಾಗೋವರೆಗೂ ಮೇಲೇ ಕೂತಿದ್ದೆ."

"ನಾನು ಊಟಕ್ಕೆ ಕೂಗಿದ್ರೂ ಬರ್ಲಿಲ್ಲ. ಕೆಲಸದ ಹುಮ್ಮಸ್ಸು ಅಂದ್ಕೊಂಡೆ."

"ಹೇಳ್ಬೇಕು ಅಂತಿದ್ದೆ."

"ನಲವತ್ತು ವರ್ಷ ಇತ್ತಲ್ಲ ಟೈಮು."

"ಹೇಳಿದ್ರೆ ನೀನು ಇರ್ತಿದ್ಯಾ ಈ ಮನೇಲಿ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಗೊತ್ತಿಲ್ಲ," ಎಂದೆ. "ಆದ್ರೆ ಅದನ್ನ ನಾನು ತೀರ್ಮಾನ ಮಾಡ್ಬೇಕಿತ್ತು. ನೀವಲ್ಲ."

ಅವರು ತಲೆ ತಗ್ಗಿಸಿದರು. "ಅವಳ ಕೆಳಗೆ ಮಲಗೋಕೆ ನನಗೆ ಮುಖ ಇರ್ಲಿಲ್ಲ. ಹಾಸಿಗೆ ತೆಗೆದೆ. ನನ್ನ ಕೈಲಿ ಆಗಿದ್ದು ಅಷ್ಟೇ." ಹಾಗೆಂದು ತಮ್ಮ ಮಂಡಿಯನ್ನು ತಾವೇ ಒತ್ತಿಕೊಂಡರು.

ನನಗೆ ಅಳು ಬರಲಿಲ್ಲ, ಸಿಟ್ಟೂ ನೆಟ್ಟಗೆ ಬರಲಿಲ್ಲ. ಬಂದದ್ದು ಲೆಕ್ಕ. ನಾಲ್ಕು ಆಳು, ಒಂದು ಬೇಸಿಗೆ, ದಿನಕ್ಕೆ ಎರಡು ಚಪ್ಪಡಿ. ನಮ್ಮ ಚಾವಣಿಗಳಿಗೆ ಆ ಖರ್ಚು ಪೂರ್ತಿ ಬಿದ್ದೇ ಇರಲಿಲ್ಲ. ಮೇಲೂರಿನವರು ಎಬ್ಬಿಸಿ, ಸೀಳಿ, ನಯ ಮಾಡಿ ನಿಲ್ಲಿಸಿದ್ದ ಕಲ್ಲುಗಳನ್ನು, ಅವರು ಅತ್ತ ಇಳಿದು ಹೋದ ಮೇಲೆ ಇವರು ಇತ್ತ ಹೊತ್ತು ತಂದಿದ್ದರು. ಇಳಿಜಾರಿನ ದಾರಿ, ಬೆನ್ನಿಗೂ ಸುಲಭ. ಮೂರು ತಲೆಮಾರು ಜಂಬ ಕೊಚ್ಚಿಕೊಂಡ ಸೂರಿನಲ್ಲಿ ಇವರ ಬೆವರು ಎಷ್ಟು, ಕದ್ದದ್ದು ಎಷ್ಟು ಎಂದು ಯಾರು ಹೇಳಬೇಕು?

ಹೊರಗೆ ಬಂದರೆ ಅಳತೆಯಮ್ಮ ಸುತ್ತ ನಿಂತವರಿಗೆ ಏನೋ ವಿವರಿಸುತ್ತಿದ್ದಳು. ಅವಳ ಮುಖದಲ್ಲಿ ದಿಗಿಲೂ ಇತ್ತು, ಹಿಗ್ಗೂ ಇತ್ತು. ಹಿಗ್ಗಿಗೆ ಅವಳಿಗೇ ನಾಚಿಕೆಯಾಗುತ್ತಿತ್ತು. ಇಂಥದ್ದು ಬೇರೆ ಎಲ್ಲೂ ಕಂಡಿಲ್ಲ, ಊರಿನ ಬೆಲೆ ಈಗ ಇಮ್ಮಡಿಯಾಯಿತು, ಪಟ್ಟಿಗೆ ಸೇರುವುದು ಖಂಡಿತ ಎಂದಳು. "ಆದ್ರೆ ಇನ್ಮೇಲೆ ಒಂದು ಕಲ್ಲನ್ನೂ ಯಾರೂ ಮುಟ್ಟಬಾರದು. ಹೇಗಿದೆಯೋ ಹಾಗೇ ಇರಬೇಕು."

ಅಲ್ಲಿಯವರೆಗೆ ಸಪ್ಪಗಿದ್ದ ಭಾವನ ಮುಖಕ್ಕೆ ಕಳೆ ಬಂತು. "ಕೇಳಿದ್ಯೇನಮ್ಮ? ಇಮ್ಮಡಿ! ಅವರು ಎಲ್ಲೂ ಹೋಗಲ್ಲ, ಇಲ್ಲೇ ಇರ್ತಾರೆ. ಸರ್ಕಾರವೇ ನೋಡ್ಕೊಳ್ಳುತ್ತೆ."

"ಮೇಡಂ," ಎಂದೆ, "ಯಾವತ್ತಿಂದ ಮುಟ್ಟಬಾರದು?"

"ಆದೇಶ ಬಂದ ದಿನದಿಂದ."

"ಆದೇಶ ಬಂದಿದ್ಯಾ?"

"ಇನ್ನೂ ಇಲ್ಲ. ನಾನು ಹೋಗಿ ವರದಿ ಕೊಡಬೇಕು, ಆಮೇಲೆ ಮೇಲಿನವರು ಸಹಿ ಹಾಕಬೇಕು."

"ಹಾಗಾದ್ರೆ ಇವತ್ತು ಇದು ಯಾರ ಚಾವಣಿ?"

ಅವಳಿಗೆ ನನ್ನ ಮಾತಿನ ಜಾಡು ಸಿಕ್ಕಿತು. "ನಿಮ್ಮದು," ಎಂದಳು.

"ಅಳಿಯಂದ್ರೇ," ಎಂದೆ, "ಗೆರೆ ಇರೋದನ್ನೆಲ್ಲ ಇಳಿಸಿ."

ಭಾವ ಏಣಿಯ ಮುಂದೆ ಬಂದು ನಿಂತರು. "ತಲೆ ಕೆಟ್ಟಿದ್ಯಾ ನಿನಗೆ? ಚಳಿ ಬರೋ ಹೊತ್ತಲ್ಲಿ ಸೂರು ಬಿಚ್ಚುತಾರಾ? ಸತ್ತವರಿಗೆ ಮಳೆ ತಾಗಲ್ಲ, ನಮಗೆ ತಾಗುತ್ತೆ."

ಮಾತು ಸುಳ್ಳಲ್ಲ. ಅವರು ಕೆಟ್ಟವರೂ ಅಲ್ಲ. ನನ್ನ ಹೆರಿಗೆಯ ಹೊತ್ತಿಗೆ ಹಿಮದಲ್ಲಿ ಕೆಳಗಿಳಿದು ಸೂಲಗಿತ್ತಿಯನ್ನು ಕರೆತಂದವರು ಇದೇ ಭಾವ.

"ಇಷ್ಟು ವರ್ಷ ನಮಗೆ ತಾಗದ ಹಾಗೆ ಅವರು ನೋಡ್ಕೊಂಡ್ರಲ್ಲ ಭಾವ," ಎಂದೆ. "ಸಾಕು. ಈಚೆ ಬನ್ನಿ."

"ಊರಿನ ರಸ್ತೆ ತಪ್ಪಿಸ್ತಿದೀಯ ನೀನು! ನಮ್ಮ ತಾತನ್ನ ಕಳ್ಳ ಅಂತ ಊರ ಮುಂದೆ ನಿಲ್ಲಿಸ್ತಿದೀಯ! ಏನೋ, ನೀನಾದ್ರೂ ಹೇಳೋ ಇವಳಿಗೆ!" ಎಂದು ತಮ್ಮನ ಕಡೆ ತಿರುಗಿದರು.

ಯಜಮಾನರು ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದರು. ಕುಂಟುತ್ತ ಬಂದರು. ಅಣ್ಣನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಏಣಿಯ ಕಾಲನ್ನು ತಾವೇ ಗಟ್ಟಿಯಾಗಿ ಹಿಡಿದುಕೊಂಡು ಮೇಲೆ ನೋಡಿ, "ಅಂಚಿನ ಕಡೆಯಿಂದ ಶುರು ಮಾಡಿ ಅಳಿಯಂದ್ರೇ. ಹಣಿಗೇದು ಕೊನೆಗೆ. ಅದನ್ನ ನಾನು ತಗೋತೀನಿ," ಎಂದರು.

ಅಳತೆಯಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಇಳಿದ ಒಂದೊಂದು ಕಲ್ಲಿನ ಫೋಟೋವನ್ನು ಮಾತ್ರ ತೆಗೆದುಕೊಂಡಳು. ಬೇಡ ಎಂದು ನಾನು ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಅರ್ಧ ಚಾವಣಿ ಅಂಗಳದಲ್ಲಿತ್ತು. ಒಳಗೆ ನಿಂತರೆ, ಮಣ್ಣು ಉದುರಿದ ಕಡೆ ಹಲಗೆಯ ಸಂದಿನಲ್ಲಿ ಆಕಾಶ ಕಾಣುತ್ತಿತ್ತು. ಕತ್ತರಿ, ಕುಡುಗೋಲು, ಸೌಟು, ಕಡಗೋಲು, ಒಂದು ಸುತ್ತಿಗೆ, ಒಂದು ಬರಿಯ ಅಂಗೈ. ಆ ಅಂಗೈ ಯಾವ ಕೆಲಸದ್ದು ಎಂದು ಯಾರಿಗೂ ತಿಳಿಯಲಿಲ್ಲ. ಸೂಲಗಿತ್ತಿಯದಿರಬೇಕು ಎಂದಳು ಮಗಳು. ಗಿರಣಿಯ ಅಕ್ಕ ಬಹಳ ಹೊತ್ತು ಆ ಸಾಲಿನ ಮುಂದೆ ನಿಂತಿದ್ದಳು. "ನಮ್ಮನೇದು ನೋಡೋದೇ ಬೇಡ ಅಂತ ನಮ್ಮನೆಯವರು," ಎಂದು ಹೇಳಿ ಹೋದಳು. ಮೂರನೆಯ ದಿನ ತನ್ನ ಕತ್ತೆಯ ಮೇಲೆ ಎರಡು ಕಲ್ಲು ಹೇರಿಕೊಂಡು ಬಂದಳು. "ಎಲ್ಲಿಗೆ ಹಾಕ್ಬೇಕು ಹೇಳು. ನನಗೆ ಮೇಲೆ ನೋಡ್ಕೊಂಡು ನಿದ್ದೆ ಬರ್ತಿಲ್ಲ." ಮತ್ತೊಂದು ಮನೆಯವರು ಕತ್ತಲಾದ ಮೇಲೆ ತಂದು ನಮ್ಮ ಬೇಲಿಯ ಪಕ್ಕ ಇಟ್ಟು ಹೋದರು. ಉಳಿದವರು ಚಾವಣಿಯ ಮಾತು ಬಂದರೆ ಹವಾಮಾನದ ಮಾತು ತೆಗೆಯುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ಎಲ್ಲರ ಮನೆಯಲ್ಲೂ ಹಣಿಗೆ ಇರುವುದಿಲ್ಲ.

ಕಲ್ಲುಗಳನ್ನೆಲ್ಲ ಕತ್ತೆಯ ಮೇಲೆ ಮೇಲೂರಿಗೆ ಸಾಗಿಸಿದೆವು. ಹಣಿಗೆಯ ಕಲ್ಲನ್ನು ಮಾತ್ರ ಯಜಮಾನರು ಕತ್ತೆಗೆ ಕೊಡಲಿಲ್ಲ. ಅಳಿಯ, "ನನಗೆ ಕೊಡಿ ಮಾವ," ಎಂದು ಹಿಂದಿಂದೆ ಬಂದ, ಕೊಡಲಿಲ್ಲ. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು. ಅವರ ಹಿಂದೆ ನಾನು. ನಾನು ಅವರೊಡನೆ ಮಾತು ಬಿಟ್ಟಿದ್ದೆ, ಆದರೆ ಆ ಮಂಡಿಯ ಸದ್ದು ನನಗೆ ಕೇಳುತ್ತಿತ್ತು. ಹೋಗುವಾಗ ನಾನೂ ಸಹಾಯ ಮಾಡುತ್ತೇನೆ ಎನ್ನಲಿಲ್ಲ. ಹೊರಲಿ ಎಂದುಕೊಂಡೆ.

ಮೇಲೆ ಗಾಳಿ, ಹುಲ್ಲು, ಏರುಪೇರಾದ ನೆಲ. ಅವರು ಕಲ್ಲು ಇಳಿಸದೆ, ಬಗ್ಗಿದ ಬೆನ್ನಿನಲ್ಲೇ ನಿಂತು ಕೇಳಿದರು: "ಇದನ್ನ ಎಲ್ಲಿ ಇಡ್ಬೇಕು?"

ಅದು ನನಗೆ ಎರಡನೆಯ ಏಟು. ಇಷ್ಟು ಮಾಡಿ ಇಲ್ಲಿಯವರೆಗೆ ಹೊತ್ತು ತಂದಿದ್ದೆವು, ಯಾವ ಗುಂಡಿಯ ತಲೆಗೆ ಯಾವ ಕಲ್ಲು ಎಂದು ಹೇಳುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಅಜ್ಜಿಯನ್ನು ಕೇಳಬಹುದಿತ್ತು, ಹೇಳುತ್ತಿದ್ದಳು. ನನ್ನ ಮದುವೆಯಾಗಿ ಆರು ವರ್ಷ ಅವಳು ಬದುಕಿದ್ದಳು. ಆಗ ಅವಳ ಅಮ್ಮನ ಕಲ್ಲು ನಮ್ಮ ಚಾವಣಿಯ ಮೇಲಿತ್ತು, ಇವರಿಗೆ ಗೊತ್ತಿತ್ತು.

ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುಖದಲ್ಲಿ ಅದು ಅವರಿಗೆ ಓದಲು ಸಿಕ್ಕಿತು. ಅವರು ಅಲ್ಲೇ ಕುಸಿದು ಕೂತು, ಕಲ್ಲನ್ನು ಬೆನ್ನಿನಿಂದ ಇಳಿಸದೆಯೇ ಅತ್ತರು. ಆಗ ನಾನು ಹೋಗಿ ಹಗ್ಗ ಬಿಚ್ಚಿದೆ. ಬಿಸಿಲು ಮೊದಲು ಬೀಳುವ ಜಾಗ ನೋಡಿ, ಇಬ್ಬರೂ ಸೇರಿ ಕಲ್ಲು ನಿಲ್ಲಿಸಿದೆವು. ಉಳಿದವನ್ನು ಸಾಲಾಗಿ, ಊಹೆಯ ಮೇಲೆ, ಕಣಿವೆಯ ಕಡೆ ಮುಖ ಮಾಡಿ ನಿಲ್ಲಿಸಿದೆವು. ಚಿಕ್ಕ ಸೌಟಿನ ಜಾಗ ತಪ್ಪಿದರೂ ದೊಡ್ಡ ಸೌಟಿನ ಜೊತೆಗೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆವು.

ಮರುವರ್ಷ ಆದೇಶ ಬಂತು. ಕಲ್ಲು ಇಳಿಸದ ಮನೆಗಳು ಪಟ್ಟಿಗೆ ಸೇರಿದವು, ಕಲ್ಲು ಇಳಿಸಿದ ನಾವು ಮೂರು ಮನೆಯವರು ಸೇರಲಿಲ್ಲ. ರಸ್ತೆಯೂ ಬಂತು. ಭಾವನ ಎರಡು ಕೋಣೆಗೂ ಜನ ಬರುತ್ತಾರೆ. ಫೋಟೋ ತೆಗೆಯುವಾಗ, ಕಲ್ಲಿನ ಜಾಗಕ್ಕೆ ನಾವು ಹಾಕಿಸಿದ ತಗಡು ಅದರಲ್ಲಿ ಬೀಳದ ಹಾಗೆ ನಿಲ್ಲುತ್ತಾರೆ. ಭಾವ ನಮ್ಮ ಅಂಗಳಕ್ಕೆ ಕಾಲಿಟ್ಟಿಲ್ಲ. ಓಣಿಯಲ್ಲಿ ಎದುರಾದರೆ ತಮ್ಮನ ಮಂಡಿ ಹೇಗಿದೆ ಎಂದು ಗೋಡೆಯನ್ನು ನೋಡಿಕೊಂಡು ಕೇಳುತ್ತಾರೆ, ನಾನೂ ಗೋಡೆಗೇ ಉತ್ತರ ಹೇಳುತ್ತೇನೆ. ಯಜಮಾನರ ಜೊತೆ ಮಾತು ಮತ್ತೆ ಶುರುವಾಯಿತು, ಮೊದಲು ಉಪ್ಪು ಖಾರದ ಮಾತು, ಆಮೇಲೆ ಉಳಿದದ್ದು. ಮೊದಲಿನ ಹಾಗಲ್ಲ. ಅವರು ಏನಾದರೂ ಹೇಳಿದರೆ ಈಗ ಒಂದು ಗಳಿಗೆ ಅವರ ಕಣ್ಣು ಎಲ್ಲಿದೆ ಎಂದು ನೋಡುತ್ತೇನೆ.

ಲೆಕ್ಕ ಇಷ್ಟು. ಅರ್ಧ ಚಾವಣಿ ಹೋಯಿತು. ಮಳೆ ಬಂದರೆ ತಗಡಿನ ಸದ್ದಿಗೆ ನಿದ್ದೆ ಕೆಡುತ್ತದೆ. ಒಬ್ಬ ಒಳ್ಳೆಯ ಭಾವ ದೂರವಾದರು. ಅಜ್ಜಿಯ ತಾಯಿಯ ಗುಂಡಿ ಯಾವುದೆಂದು ತಿಳಿಯುವ ದಾರಿ ಎಂದೋ ಹೋಗಿತ್ತು, ಹೋದದ್ದು ಆ ದಿನ ಗೊತ್ತಾಯಿತು. ಸಿಕ್ಕಿದ್ದು ಮೂಡಣ ಕೋಣೆ. ಉಣ್ಣೆಯ ಮೂಟೆ ತೆಗೆದು ಅಲ್ಲಿ ಹಾಸಿಗೆ ಹಾಕಿದ್ದೇನೆ. ಸದ್ಯಕ್ಕೆ ಒಂದೇ ಹಾಸಿಗೆ, ನನ್ನದು.